ವಲಸೆ ಹಕ್ಕಿ ಎಂದು ಬರೆಯುವ ಮುನ್ನ

ನವೆಂಬರ್ ಬಂತೆಂದರೆ ಹೊರನಾಡಿನ ಕನ್ನಡ ಸಂಘಗಳಲ್ಲಿ ಎರಡು ಸಂಗತಿಗಳು ತಪ್ಪದೆ ಕಾಣಿಸಿಕೊಳ್ಳುತ್ತವೆ. ಒಂದು, ಸಭಾಂಗಣದ ಬಾಗಿಲಿಗೆ ಕಟ್ಟಿದ ಹಳದಿ-ಕೆಂಪು ಬಟ್ಟೆ. ಇನ್ನೊಂದು, ಸ್ಮರಣ ಸಂಚಿಕೆಯಲ್ಲಿ ಅಚ್ಚಾಗುವ ‘ವಲಸೆ ಹಕ್ಕಿ’ಯ ಪದ್ಯ. ಕೆಲವು ವರ್ಷಗಳಿಂದ ಇಂಥ ಸಂಚಿಕೆಗಳ ಕರಡು ತಿದ್ದುವ ಕೆಲಸ ನಮ್ಮ ಪಾಲಿಗೆ ಬಂದಿರುವುದರಿಂದ ಆ ಹಕ್ಕಿಯ ಪರಿಚಯ ನಮಗೆ ಚೆನ್ನಾಗಿಯೇ ಆಗಿದೆ. ಅದು ಗೂಡು ಬಿಟ್ಟು ಬಂದಿರುತ್ತದೆ. ಪರದೇಶದ ಬಾನಿನಲ್ಲಿ ರೆಕ್ಕೆ ಸೋತು ಅಳುತ್ತದೆ. ಕೊನೆಯ ಸಾಲಿನೊಳಗೆ ಕಾವೇರಿಯನ್ನೋ ತುಂಗೆಯನ್ನೋ ನೆನೆದು ಕಣ್ಣು ಮುಚ್ಚುತ್ತದೆ. ಅದಕ್ಕೆ ಬಣ್ಣವಿಲ್ಲ, ಕೊಕ್ಕಿಲ್ಲ, ಹೆಸರಂತೂ ಮೊದಲೇ ಇಲ್ಲ. ಇದನ್ನು ಹಾಸ್ಯಕ್ಕೆ ಹೇಳುತ್ತಿಲ್ಲ. ಹದಿನೈದು ವರ್ಷಗಳ ಹಿಂದೆ ಅಂಥದೊಂದು ಪದ್ಯವನ್ನು ನಾವೂ ಬರೆದಿದ್ದೇವೆ, ಚಪ್ಪಾಳೆಯನ್ನೂ ಪಡೆದಿದ್ದೇವೆ.

ಈ ಸಲ ರಾಜ್ಯೋತ್ಸವದ ಗದ್ದಲ ಮುಗಿದ ಮೇಲೆ, ಕಾರ್ತಿಕದ ಕೊನೆಯ ವಾರದಲ್ಲಿ, ಎರಡು ದಿನದ ಮಟ್ಟಿಗೆ ಮಾಥೇರಾನಿಗೆ ಹೋಗಿದ್ದೆವು. ನಾವು, ನಮ್ಮ ಮನೆಯವರು, ಮುಂಬಯಿಯಲ್ಲೇ ಹುಟ್ಟಿ ಏಳನೆಯ ತರಗತಿಗೆ ಬಂದಿರುವ ಮಗಳು, ಜೊತೆಗೆ ನಮ್ಮ ಸಾಹಿತ್ಯ ಕೂಟದ ಹಿರಿಯರೊಬ್ಬರು. ಅವರು ಸಾಗರದ ಕಡೆಯವರು. ತಾಳಗುಪ್ಪದ ಮೀಟರ್‌ಗೇಜ್ ಹಳಿಯ ಬದಿಯಲ್ಲೇ ನಡೆದು ಶಾಲೆಗೆ ಹೋಗುತ್ತಿದ್ದವರು. ಹಳಿ ಕಂಡರೆ ಈಗಲೂ ಅವರ ಕಾಲು ತಾನಾಗಿ ಆ ಕಡೆ ತಿರುಗುತ್ತದೆ.

ಮಾಥೇರಾನ್ ಮುಂಬಯಿಯವರಿಗೆ ಹೊಸದಲ್ಲ. ಸುಮಾರು 800 ಮೀಟರ್ ಎತ್ತರದ, ಮೋಟಾರು ವಾಹನಗಳಿಗೆ ಪ್ರವೇಶವಿಲ್ಲದ ಬೆಟ್ಟ. ಕಾರುಗಳು ದಸ್ತೂರಿ ನಾಕಾದಲ್ಲಿ ನಿಲ್ಲಬೇಕು. ಅಲ್ಲಿಂದ ಪೇಟೆಗೆ ಸುಮಾರು ಮೂರು ಕಿಲೋಮೀಟರನ್ನು ನಡೆದೋ, ಕುದುರೆ ಏರಿಯೋ, ಅಮನ್ ಲಾಜ್ ನಿಲ್ದಾಣದಿಂದ ಪುಟ್ಟ ರೈಲು ಹಿಡಿದೋ ಕ್ರಮಿಸಬೇಕು. ಕೆಳಗಿನ ನೇರಳ್‌ನಿಂದ ಮೇಲಕ್ಕೆ ಬರುವ ಈ ಎರಡಡಿ ಅಗಲದ ಹಳಿಯನ್ನು ಆದಮ್‌ಜೀ ಪೀರ್‌ಭಾಯ್ ಅವರ ಹಣದಿಂದ ಅವರ ಮಗ ಅಬ್ದುಲ್ ಹುಸೇನ್ ಕಟ್ಟಿಸಿದರು. 1907ರಲ್ಲಿ ಅದು ಸಂಚಾರಕ್ಕೆ ತೆರೆಯಿತು. ಮಳೆಗಾಲದಲ್ಲಿ ಕೆಳಗಿನ ಭಾಗಕ್ಕೆ ಪ್ರತಿವರ್ಷವೂ ರಜೆ. 2019ರ ಮಳೆಗೆ ಮಣ್ಣು ಕೊಚ್ಚಿಹೋದಾಗ ಈ ರಜೆ ಮೂರು ವರ್ಷಕ್ಕೆ ಹಿಗ್ಗಿ, 2022ರ ಅಕ್ಟೋಬರಿನಲ್ಲಷ್ಟೇ ಮುಗಿಯಿತು.

ಅಮೆರಿಕದಲ್ಲಿ ರೈಲು ನಿಂತುಹೋದ ಹಳಿಗಳನ್ನು ಕಿತ್ತು ಆ ಜಾಡನ್ನು ಕಾಲುದಾರಿಯಾಗಿ ಉಳಿಸಿಕೊಳ್ಳುವ ಪದ್ಧತಿಯಿದೆ. ಅದಕ್ಕೆ ಕಾನೂನಿನ ಬೆಂಬಲವೂ ಇದೆ. ನಮ್ಮಲ್ಲಿ ಅಂಥ ಕಾನೂನು ಬೇಕಾಗಲಿಲ್ಲ. ರೈಲು ಓಡುತ್ತಿರುವಾಗಲೇ ಜನ ಅದರ ಪಕ್ಕದಲ್ಲಿ ನಡೆನಡೆದು ದಾರಿ ಮಾಡಿಕೊಂಡಿದ್ದಾರೆ. ಹಳಿಯ ಮೇಲೆಯೇ ನಡೆಯುವುದು 1989ರ ರೈಲ್ವೆ ಕಾಯಿದೆಯ ಪ್ರಕಾರ ಅಪರಾಧ. ಕೇಂದ್ರ ಸರ್ಕಾರದ ಸಂಬಳ ತಿನ್ನುವ ನಾವು ಪಕ್ಕದ ಕೆಂಪು ಮಣ್ಣಿನ ಕಾಲುದಾರಿಯಲ್ಲೇ ನಡೆದೆವೆಂದು ಇಲ್ಲಿ ದಾಖಲಿಸುವುದು ಕ್ಷೇಮ.

ಆ ದಾರಿ ಹಕ್ಕಿ ನೋಡುವವರಿಗೆ ಏಕೆ ಒದಗಿಬರುತ್ತದೆ ಎಂಬುದು ನಡೆದಾಗಲೇ ತಿಳಿಯುತ್ತದೆ. ದಟ್ಟ ಕಾಡಿನ ಒಳಗೆ ಹಕ್ಕಿ ಕೇಳಿಸುತ್ತದೆ, ಕಾಣುವುದಿಲ್ಲ. ಬಯಲಿನಲ್ಲಿ ಕಾಣುತ್ತದೆ, ಹತ್ತಿರ ಬಿಡುವುದಿಲ್ಲ. ಹಳಿ ಇವೆರಡರ ನಡುವಿನ ಸೀಳು. ನೇರಳೆ, ಅಳಲೆ, ಅಂಜನ ಮರಗಳ ಕೊಂಬೆಗಳು ಎರಡೂ ಕಡೆಯಿಂದ ಬಾಗಿದರೂ ನಡುವೆ ಆಕಾಶಕ್ಕೆ ಒಂದು ಗೇಣು ಜಾಗ ಉಳಿದಿರುತ್ತದೆ. ಬೆಳಗಿನ ಬಿಸಿಲು ಮೊದಲು ಇಳಿಯುವುದು ಅಲ್ಲಿಗೇ. ಬಿಸಿಲಿಗೆ ಹುಳು ಏಳುತ್ತದೆ, ಹುಳುವಿಗೆ ಹಕ್ಕಿ ಬರುತ್ತದೆ. ಏರು ಎಲ್ಲಿಯೂ ಕಡಿದಾಗಿಲ್ಲ; ರೈಲು ಹತ್ತಬಲ್ಲ ಏರನ್ನು ಮೊಣಕಾಲು ನೋವಿನ ಹಿರಿಯರೂ ಹತ್ತಬಲ್ಲರು. ಏದುಸಿರು ಬಿಡದವನಿಗೆ ಮಾತ್ರ ಎಲೆಯ ಸಂದಿನ ಸಣ್ಣ ದನಿ ಕೇಳುತ್ತದೆ.

ಋತುವಿನ ಬಗ್ಗೆ ಒಂದು ಮಾತು. ಇಂಗ್ಲಿಷ್ ಎಂ.ಎ. ಓದಿದವರ ತಲೆಯಲ್ಲಿ ‘ಆಟಮ್’ ಎಂಬ ಪದ ಹಣ್ಣೆಲೆಯ ರಾಶಿಯನ್ನು ಹೊತ್ತುಕೊಂಡೇ ಬರುತ್ತದೆ. ತರಗತಿಯಲ್ಲಿ ನಾವು ಅದನ್ನು ಶರದೃತು ಎಂದು ಅನುವಾದಿಸಿ ಬರೆದುಕೊಂಡವರು. ಎಂಥ ತಪ್ಪು! ನಮ್ಮ ಶರತ್ತಿನಲ್ಲಿ ಎಲೆ ಉದುರುವುದಿಲ್ಲ. ಆಶ್ವಯುಜ-ಕಾರ್ತಿಕಗಳೆಂದರೆ ಮಳೆ ತೊಳೆದಿಟ್ಟ ಎಲೆಗಳು, ತಿಳಿಯಾದ ನೀರು, ಬೆಟ್ಟದ ನೆತ್ತಿಯಲ್ಲಿ ಆಗತಾನೇ ಹಳದಿಗೆ ತಿರುಗುತ್ತಿರುವ ಹುಲ್ಲು. ಇಷ್ಟೇ ಆಗಿದ್ದರೆ ಹವಾಮಾನದ ವ್ಯತ್ಯಾಸ ಎಂದು ಬಿಡಬಹುದಿತ್ತು. ಕೀಟ್ಸ್ 1819ರಲ್ಲಿ ಬರೆದ ‘ಟು ಆಟಮ್’ ಪದ್ಯದ ಕೊನೆಯಲ್ಲಿ ಕವಲುತೋಕೆ ಹಕ್ಕಿಗಳು ಆಕಾಶದಲ್ಲಿ ಗುಂಪುಗೂಡುತ್ತವೆ, ಹೊರಡುವುದಕ್ಕಾಗಿ. ಅದೇ ಜಾತಿಯ ಹಕ್ಕಿಗಳ ಸಾಲನ್ನು ನೇರಳ್ ನಿಲ್ದಾಣದ ಹೊರಗಿನ ವಿದ್ಯುತ್ ತಂತಿಯ ಮೇಲೆ ನಾವು ಆ ಬೆಳಿಗ್ಗೆ ಕಂಡೆವು. ಅವು ಬಂದಿಳಿದವು. ಇಂಗ್ಲೆಂಡಿನ ಕವಲುತೋಕೆಗಳು ಆಫ್ರಿಕಕ್ಕೆ ಹೋಗುತ್ತವೆ. ನಮ್ಮಲ್ಲಿಗೆ ಬರುವವು ಹಿಮಾಲಯದ, ಅದರಾಚೆಯ ಏಷ್ಯದವು. ಆದರೂ ಒಂದೇ ಹಕ್ಕಿ, ಒಂದೇ ತಿಂಗಳು: ಅಲ್ಲಿಯ ಕವಿಗೆ ವಿದಾಯ, ಇಲ್ಲಿಯ ಹೊಲಕ್ಕೆ ಆಗಮನ. ನಮ್ಮ ಸಂಚಿಕೆಗಳ ವಲಸೆ ಹಕ್ಕಿ ಅಳುವುದನ್ನು ಎಲ್ಲಿ ಕಲಿಯಿತು ಎಂಬ ಗುಮಾನಿ ನಮಗೆ ಹುಟ್ಟಿದ್ದು ಅಲ್ಲಿ. ಅದು ನಮ್ಮ ಶರತ್ತಿನಿಂದ ಬಂದದ್ದಲ್ಲ, ಪಠ್ಯಪುಸ್ತಕದಿಂದ ಬಂದದ್ದು.

ಮೊದಲ ದಿನ ಬೆಳಿಗ್ಗೆ ಏಳಕ್ಕೆ ಹೊರಟೆವು. ಕೆಮ್ಮೀಸೆ ಪಿಕಳಾರಗಳು ಹೆಜ್ಜೆಗೊಂದರಂತೆ ಇದ್ದವು. ಕುಟ್ರುಹಕ್ಕಿ ಕಾಣದೆ ಕೂಗುತ್ತಿತ್ತು. ಮಳೆಗಾಲದಲ್ಲಿ ಇಲ್ಲಿಯ ಕಣಿವೆಗಳನ್ನು ಸಿಳ್ಳಿನಿಂದ ತುಂಬುವ ಮಲಬಾರ್ ಸಿಳ್ಳಾರ ಈಗ ಮೌನಿ. ಮೋರಿಯೊಂದರ ಕೆಳಗಿನಿಂದ ಎದ್ದು, ಒಮ್ಮೆ ಕರ್ಕಶವಾಗಿ ಕಿರುಚಿ, ಕತ್ತಲೆಯೊಳಗೆ ನುಗ್ಗಿತು. ಬಿಸಿಲು ಬಿದ್ದ ಅರೆಕ್ಷಣ ಮಾತ್ರ ಅದರ ಭುಜದ ನೀಲಿ ಮಿಂಚಿತು. ರೈಲು ಬರುವಾಗ ನಾವು ಬದಿಗೆ ನಿಂತೆವು. ಅದು ಹಾದುಹೋದ ಮೇಲೆ ಹಳಿಯ ಮೇಲೆದ್ದ ಹುಳುಗಳಿಗಾಗಿ ಬೂದು ಕಾಜಾಣವೊಂದು ಎಲ್ಲಿಂದಲೋ ಇಳಿಯಿತು. ಮರುದಿನವೂ ಅದೇ ಕೊಂಬೆ, ಅದೇ ಕಾಜಾಣ, ಅದೇ ಇಳಿತ. ವೇಳಾಪಟ್ಟಿ ಅದಕ್ಕೂ ಬಾಯಿಪಾಠವೆಂದು ಮಗಳ ತೀರ್ಮಾನ. ಮಂಗಗಳ ಸಂಗತಿಯನ್ನು ಹೆಚ್ಚು ಹೇಳುವುದಿಲ್ಲ. ದೆಹಲಿಯಲ್ಲಿದ್ದಾಗ ಕಚೇರಿಯ ಕಿಟಕಿಯಿಂದ ಊಟದ ಡಬ್ಬಿ ಒಯ್ಯುತ್ತಿದ್ದ ಮಂಗ ಬೇರೆ ಜಾತಿ, ಇಲ್ಲಿ ನೆತ್ತಿಯ ಮೇಲೆ ಟೋಪಿಯಂತೆ ಕೂದಲಿಟ್ಟುಕೊಂಡ ನಮ್ಮ ದಕ್ಷಿಣದ ಮಂಗ ಬೇರೆ ಜಾತಿ. ಬಿಸ್ಕತ್ತಿನ ಪೊಟ್ಟಣದ ವಿಷಯದಲ್ಲಿ ಇಬ್ಬರ ನಡುವೆ ಭೇದವಿಲ್ಲ.

ಪೇಟೆಯ ನಿಲ್ದಾಣ ಇನ್ನೂ ಸ್ವಲ್ಪ ದೂರವಿರುವಾಗ, ಸೋರುವ ನಲ್ಲಿಯೊಂದರ ಬಳಿ ಕುದುರೆಯವನೊಬ್ಬ ಬಕೆಟ್ಟಿಗೆ ನೀರು ಹಿಡಿಯುತ್ತಿದ್ದ. ಐವತ್ತು ದಾಟಿದ ವಯಸ್ಸು. ನಮ್ಮ ಕೊರಳಿನ ದುರ್ಬೀನು ನೋಡಿ, ಗಲ್ಲದಿಂದಲೇ ಹಳಿಯ ಕಡೆ ತೋರಿಸಿ, “ಧೋಬೀ ಆಲಾ. ದಸರ್‍ಯಾಪಾಸೂನ್ ಇಥೇಚ್ ಆಹೇ” ಎಂದ.

ಧೋಬಿ ಎಂದರೆ ಮಡಿವಾಳ. ನಾವು ಮಡಿವಾಳ ಹಕ್ಕಿಗಾಗಿ ಪೊದೆಯ ತುದಿಗಳಲ್ಲಿ ಹುಡುಕತೊಡಗಿದೆವು. ಕಪ್ಪು ಬಿಳುಪಿನ ಆ ಹಾಡುಗಾರ ಯಾವ ಪೊದೆಯ ಮೇಲೂ ಇರಲಿಲ್ಲ.

“ಅಪ್ಪಾ, ಅಲ್ಲಲ್ಲ. ಕೆಳಗೆ, ನೀರಿನ ಹತ್ತಿರ” ಎಂದಳು ಮಗಳು. ಅವಳ ಮರಾಠಿ ನಮಗಿಂತ ನೂರು ಪಾಲು ಮೇಲು.

ಜಿನುಗುವ ನೀರಿನ ಅಂಚಿನಲ್ಲಿ ಒಂದು ಬೂದು ಸಿಪಿಲೆ. ಬೆನ್ನು ಬೂದಿಯ ಬಣ್ಣ, ಬಾಲದ ಬುಡದಲ್ಲಿ ನಿಂಬೆಹಳದಿ. ನಾಲ್ಕು ಹೆಜ್ಜೆ ಓಡುವುದು, ನಿಲ್ಲುವುದು, ಉದ್ದ ಬಾಲವನ್ನು ಮೇಲೆ ಕೆಳಗೆ ಕುಣಿಸುವುದು.

“ಇದು ನಮ್ಮ ಕುಂಡೆಕುಸ್ಕ ಅಲ್ಲವೇನಮ್ಮಾ!” ಎಂದರು ಹಿರಿಯರು. ಮಗಳು ಆ ಪದವನ್ನು ಅದುವರೆಗೆ ಕೇಳಿರಲಿಲ್ಲ. ಅದರ ಅರ್ಥ ತಿಳಿದ ಮೇಲೆ ಅವಳ ನಗು ನಿಲ್ಲಿಸಲು ಎರಡು ನಿಮಿಷ ಬೇಕಾಯಿತು. ಹಕ್ಕಿ ಮಾತ್ರ ಹೆದರಲಿಲ್ಲ.

ಕನ್ನಡದಲ್ಲಿ ಮಡಿವಾಳನ ಪಟ್ಟ ಒಂದು ಹಕ್ಕಿಗೆ, ಮರಾಠಿಯಲ್ಲಿ ಇನ್ನೊಂದಕ್ಕೆ. ನಾವು ನೋಡಿದ್ದು ಒಗೆದ ಬಟ್ಟೆಯ ಬಿಳುಪನ್ನು. ಅವರು ನೋಡಿದ್ದು ನೀರಿನ ಅಂಚಿನಲ್ಲಿ ಬಟ್ಟೆ ಬಡಿಯುವ ಆ ಏರಿಳಿತವನ್ನು. ನಮ್ಮ ಭೀಮರಾಜ ಅವರಲ್ಲಿ ಭೃಂಗರಾಜ. ನಮ್ಮ ಕಾಜಾಣ ಅವರಿಗೆ ಕೋತವಾಲ, ಎಂದರೆ ಪೊಲೀಸು. ಕಾಗೆ-ಹದ್ದುಗಳನ್ನು ಅಟ್ಟಿಸಿಕೊಂಡು ಹೋಗುವುದನ್ನು ಕಂಡವರಿಗೆ ಅದು ತಕ್ಕ ಹುದ್ದೆಯೇ. ಮುಂಬಯಿಯಲ್ಲಿ ಹನ್ನೊಂದು ವರ್ಷ ಕಳೆದ ನಮಗೆ ಇದರಲ್ಲಿ ಒಂದೂ ತಿಳಿದಿರಲಿಲ್ಲ. ಇಂಗ್ಲಿಷ್ ಹೆಸರುಗಳು ಗೊತ್ತಿದ್ದವು, ತೇಜಸ್ವಿಯವರ ‘ಹಕ್ಕಿಪುಕ್ಕ’ದ ಕೃಪೆಯಿಂದ ಕನ್ನಡದ ಹೆಸರುಗಳು ಗೊತ್ತಿದ್ದವು. ಈ ಹಕ್ಕಿಯನ್ನು ಪ್ರತಿದಿನ ನೋಡುವವನು ಅದನ್ನು ಏನೆಂದು ಕರೆಯುತ್ತಾನೆ ಎಂದು ಕೇಳಬೇಕೆಂದೇ ನಮಗೆ ಹೊಳೆದಿರಲಿಲ್ಲ.

“ಪ್ರತಿವರ್ಷ ಇದೇ ಹಕ್ಕಿ ಬರುತ್ತದೆಯೋ?” ಎಂದು ಮಗಳ ಮೂಲಕ ಕೇಳಿಸಿದೆವು. ಪ್ರತಿವರ್ಷ ಇದೇ, ಎಂದ. ಇದೇ ಎಂದು ಹೇಗೆ ಹೇಳುತ್ತೀರಿ, ಕಾಲಿಗೆ ಗುರುತಿಲ್ಲವಲ್ಲ? “ಬೇರೆಯದಾದರೆ ಈ ನಲ್ಲಿ ಸೋರುತ್ತದೆಂದು ಅದಕ್ಕೆ ಹೇಗೆ ಗೊತ್ತು, ಸಾಹೇಬ್?”

ವಿಜ್ಞಾನ ಈ ಸಾಕ್ಷ್ಯವನ್ನು ಒಪ್ಪದಿರಬಹುದು. ಆದರೆ ಅದು ವಿಜ್ಞಾನದಿಂದ ಬಹಳ ದೂರವೂ ಇಲ್ಲ. ಆ ದಾರಿಯುದ್ದಕ್ಕೂ ನಮ್ಮ ತಲೆಯ ಮೇಲಿಂದ ಒಂದು ದನಿ ಬಿಡದೆ ಬರುತ್ತಿತ್ತು: ‘ಚಿಸ್ವೀ, ಚಿಸ್ವೀ’. ಎಲೆಯ ಬಣ್ಣದ, ಎಲೆಗಿಂತ ಚಿಕ್ಕದೆನ್ನಿಸುವ, ಏಳೆಂಟು ಗ್ರಾಂ ತೂಕದ ಹಸಿರು ಉಲಿಯಕ್ಕಿ. ಹಿಮಾಲಯದಲ್ಲಿ, ಅದಕ್ಕೂ ಉತ್ತರದ ಕಾಡುಗಳಲ್ಲಿ ಮರಿಮಾಡಿ ಬರುತ್ತದೆ. ದಕ್ಷಿಣ ಭಾರತದಲ್ಲಿ ಇವುಗಳ ಕಾಲಿಗೆ ಬಣ್ಣದ ಉಂಗುರ ತೊಡಿಸಿ ಗಮನಿಸಿದವರು ಕಂಡುಕೊಂಡದ್ದು ಇದು: ಚಳಿಗಾಲದಲ್ಲಿಯೂ ಪ್ರತಿ ಹಕ್ಕಿ ತನ್ನದೇ ಕೆಲವು ಮರಗಳ ಗಡಿ ಹಾಕಿಕೊಳ್ಳುತ್ತದೆ, ಬೇರೆಯದು ಬಂದರೆ ಓಡಿಸುತ್ತದೆ, ಬದುಕಿದ್ದರೆ ಮುಂದಿನ ವರ್ಷವೂ ಅದೇ ಮರಗಳಿಗೆ ಹಿಂದಿರುಗುತ್ತದೆ. ಆ ‘ಚಿಸ್ವೀ’ ಅಳುವಲ್ಲ, ಗಡಿಯ ಘೋಷಣೆ. ಇನ್ನೊಂದು ಲೆಕ್ಕವಿದೆ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಂದು ಏಪ್ರಿಲಿನ ವೇಳೆಗೆ ಹೊರಡುವ ಈ ಹಕ್ಕಿ ವರ್ಷದ ಹೆಚ್ಚು ಭಾಗವನ್ನು ಕಳೆಯುವುದು ಇಲ್ಲಿ. ಹುಟ್ಟಿದ್ದು ಅಲ್ಲಿ, ಬಾಳುವುದು ಇಲ್ಲಿ. ಹಾಗಾದರೆ ಅದರ ಊರು ಯಾವುದು?

ಕೇಂದ್ರ ಸರ್ಕಾರದ ನೌಕರರಿಗೆ ಈ ಪ್ರಶ್ನೆಗೆ ಸಿದ್ಧ ನಮೂನೆಯೇ ಇದೆ. ರಜೆ ಪ್ರಯಾಣ ಸೌಲಭ್ಯಕ್ಕಾಗಿ ನಾವೆಲ್ಲ ‘ಹೋಮ್‌ಟೌನ್’ ಘೋಷಿಸಬೇಕು. ಸೇವಾವಧಿಯಲ್ಲಿ ಒಂದೇ ಒಂದು ಸಲ, ಅದೂ ಮೇಲಧಿಕಾರಿ ಒಪ್ಪಿದರೆ, ಅದನ್ನು ಬದಲಾಯಿಸಬಹುದು. ನಮ್ಮ ಕಡತದಲ್ಲಿ ಇಂದಿಗೂ ಹುಟ್ಟಿದೂರಿನ ಹೆಸರಿದೆ. ಅಲ್ಲಿ ಈಗ ನಮ್ಮ ಮನೆಯಿಲ್ಲ. ಹಿತ್ತಲಿನ ಹಲಸಿನ ಮರವೂ ಇಲ್ಲ. ಆದರೆ ಆ ಮರದ ಯಾವ ಕೊಂಬೆಯಲ್ಲಿ ಯಾವ ಹಕ್ಕಿ ಗೂಡು ಕಟ್ಟುತ್ತಿತ್ತೆಂದು ಈಗಲೂ ಹೇಳಬಲ್ಲೆವು. ದೆಹಲಿಯಲ್ಲಿ ನಾಲ್ಕು ವರ್ಷ, ನಾಗಪುರದಲ್ಲಿ ಮೂರು, ಮುಂಬಯಿಯಲ್ಲಿ ಹನ್ನೊಂದು: ಈ ಹದಿನೆಂಟು ವರ್ಷ ಸರ್ಕಾರಿ ವಸತಿಗೃಹಗಳ ಕಿಟಕಿಯಾಚೆ ಯಾವ ಮರವಿತ್ತೆಂದು ಕೇಳಿದರೆ ನಾವು ನಿರುತ್ತರರು. ಉಲಿಯಕ್ಕಿಗೆ ಎರಡು ಊರುಗಳೂ ಮರಮರವಾಗಿ ಗೊತ್ತು. ನಮಗೆ ಒಂದು ನೆನಪಾಗಿ ಗೊತ್ತು, ಇನ್ನೊಂದು ವಿಳಾಸವಾಗಿ. ಈ ಸ್ಥಿತಿಯಲ್ಲಿ ನಮ್ಮನ್ನು ನಾವು ವಲಸೆ ಹಕ್ಕಿ ಎಂದು ಕರೆದುಕೊಳ್ಳುವುದು ಆ ಹಕ್ಕಿಗೆ ಮಾಡುವ ಅಪಚಾರವೆಂದೇ ನಮ್ಮ ಅಭಿಪ್ರಾಯ.

ವರ್ಗಾವಣೆಯ ಕಾರಣ ಕೊಡುವುದು ಸುಲಭ. ಆದರೆ ಬೊಂಬಾಯಿ ಸರ್ಕಾರದ ಸುಂಕ ಮತ್ತು ಉಪ್ಪಿನ ಇಲಾಖೆಯಲ್ಲಿ ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕನ್ ಎಂಬ ಅಧಿಕಾರಿಯೊಬ್ಬರಿದ್ದರು. ‘ಇಹಾ’ ಎಂಬ ಅಂಕಿತದಲ್ಲಿ ಬರೆಯುತ್ತಿದ್ದರು. ಉರಣ್, ರತ್ನಾಗಿರಿ, ನಮ್ಮ ಉತ್ತರ ಕನ್ನಡ, ಎಲ್ಲಿಗೆ ವರ್ಗವಾದರೂ ಅಲ್ಲಿಯ ಇರುವೆ, ಹಕ್ಕಿ, ಕಪ್ಪೆಗಳ ಸಹವಾಸ ಬೆಳೆಸಿದರು. 1883ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಕಟ್ಟಿದವರಲ್ಲಿ ಒಬ್ಬರು. 1900ರಲ್ಲಿ ಬೊಂಬಾಯಿಯ ಸಾಮಾನ್ಯ ಹಕ್ಕಿಗಳ ಬಗ್ಗೆ ಪುಸ್ತಕ ಬರೆದರು. ಕಾಗೆ, ಗುಬ್ಬಿ, ಹದ್ದುಗಳ ಬಗ್ಗೆ. ಆಳುವವರ ಕಡೆಯವರೆಂಬುದು ನಿಜ, ಬಿಡುವು ಹೆಚ್ಚಿತ್ತೆಂಬುದೂ ನಿಜವಿರಬಹುದು. ಆದರೂ ಅವರ ಕೆಲಸ ನಮ್ಮದರಂತೆಯೇ ಕಡತ, ತಪಾಸಣೆ, ವರ್ಗಾವಣೆ.

ಊರನ್ನು ತಿಳಿಯುವುದೆಂದರೆ ಹಕ್ಕಿಗಳ ಪಟ್ಟಿ ಬೆಳೆಸುವುದಷ್ಟೇ ಅಲ್ಲ ಎಂಬುದು ಅದೇ ನಲ್ಲಿಯ ಬಳಿ ಮನದಟ್ಟಾಯಿತು. ಮಾಥೇರಾನಿನಲ್ಲಿ ಇಂದು ದೊಡ್ಡ ವಾದವಿರುವುದು ದಾರಿಯ ಬಗ್ಗೆಯೇ. ಒಬ್ಬ ಎಳೆದು ಇನ್ನಿಬ್ಬರು ತಳ್ಳುವ ಕೈಗಾಡಿಗಳನ್ನು ಆರು ತಿಂಗಳಲ್ಲಿ ನಿಲ್ಲಿಸಿ, ಅವುಗಳ ಬದಲು ಇ-ರಿಕ್ಷಾ ತರಬೇಕೆಂದು 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಆದೇಶಿಸಿದೆ. ದಸ್ತೂರಿಯಿಂದ ಪೇಟೆಯ ಶಿವಾಜಿ ಪ್ರತಿಮೆಯವರೆಗೆ ನೆಲಕ್ಕೆ ಇಟ್ಟಿಗೆ ಹಾಸಬಹುದು, ಒಳದಾರಿಗಳಿಗೂ ಚಾರಣದ ಹಾದಿಗಳಿಗೂ ಬೇಡ ಎಂದೂ ಹೇಳಿದೆ. ಹಕ್ಕಿ ನೋಡುವವರ ಬಳಗದಲ್ಲಿ ಇದನ್ನು ಕೇಳಿದ ಕೂಡಲೇ ‘ಮಾಥೇರಾನ್ ಮುಗಿಯಿತು’ ಎಂಬ ಉದ್ಗಾರ ಎದ್ದಿತು. ನಾವೂ ತಲೆಯಾಡಿಸಿದ್ದೆವು.

ಕುದುರೆಯವನನ್ನು ಕೇಳಿದೆವು. ಇ-ರಿಕ್ಷಾ ಬಂದರೆ ಕುದುರೆಗೆ ಯಾರು ಹುಲ್ಲು ಹಾಕುತ್ತಾರೆ, ಎಂದ. ನಮ್ಮ ಮಾತಿಗೆ ಬೆಂಬಲ ಸಿಕ್ಕಿತೆಂದುಕೊಳ್ಳುವಷ್ಟರಲ್ಲಿ, ಬಕೆಟ್ಟನ್ನು ಕುದುರೆಯ ಮುಂದಿಟ್ಟು, ಇಪ್ಪತ್ತು ವರ್ಷದ ಹಿಂದಿನ ಒಂದು ರಾತ್ರಿ ನೆನೆದ. ಜುಲೈ ತಿಂಗಳ ಮಳೆಯಲ್ಲಿ, ಹೆರಿಗೆ ನೋವು ಬಂದ ಹೆಂಡತಿಯನ್ನು ಕೈಗಾಡಿಯಲ್ಲಿ ದಸ್ತೂರಿಯವರೆಗೆ ತಳ್ಳಿಕೊಂಡು ಹೋದದ್ದು. ಆ ರಾತ್ರಿ ಯಾವ ಗಾಡಿಯಾದರೂ ಆಗುತ್ತಿತ್ತು ಎಂದ.

ಮುಂದೆ ನಾವೇನೂ ಕೇಳಲಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ತಾಯಿಯವರನ್ನು ಇದೇ ಬೆಟ್ಟದಲ್ಲಿ ಕೈಗಾಡಿ ಹತ್ತಿಸಿ, ನಾವು ಪಕ್ಕದಲ್ಲಿ ಹಕ್ಕಿ ನೋಡುತ್ತ ನಡೆದದ್ದು ನೆನಪಾಯಿತು. ಕೈಗಾಡಿ ಹೋಗಬೇಕಾದದ್ದೇ; ಅದರ ಬಗ್ಗೆ ಎರಡು ಮಾತಿಲ್ಲ. ಮನುಷ್ಯನೊಬ್ಬ ಮನುಷ್ಯನನ್ನು ಎಳೆಯುವ ದೃಶ್ಯದ ಹಿನ್ನೆಲೆಯಲ್ಲಿ ಕಾಣಿಸಿಕೊಂಡ ಬಾಲದಂಡೆಯ ಬಿಳಿ ಬಾಲ ಎಷ್ಟು ಚೆಲುವಾಗಿದ್ದರೇನು? ಹಾಗೆಂದು ಎಲ್ಲ ಅಂಚುಗಳನ್ನೂ ಮುಚ್ಚಬೇಕಾಗಿಲ್ಲ. ದೊಡ್ಡ ರಸ್ತೆಗೆ ಗಾಡಿಯೂ ಇಟ್ಟಿಗೆಯೂ ಇರಲಿ. ಹಳಿಯ ಬದಿಯ ಕಾಲುದಾರಿ ಮಾತ್ರ ಮಣ್ಣಾಗಿಯೇ, ಕತ್ತಲಾಗಿಯೇ ಇರಲಿ. ಅದಕ್ಕೆ ‘ಸೌಂದರ್ಯೀಕರಣ’ದ ದೀಪಗಂಬ ಬೇಡ, ಅಂಚಿನ ಪೊದೆ ಸವರುವುದು ಬೇಡ. ಸೋರುವ ನಲ್ಲಿಯನ್ನು ಯಾರಾದರೂ ರಿಪೇರಿ ಮಾಡಿಸಿದರೆ ನಮ್ಮ ತಕರಾರಿಲ್ಲ. ಸಿಪಿಲೆಗೆ ಮಾತ್ರ ತಕರಾರು ಇದ್ದೀತು.

ಭಾನುವಾರ ರಾತ್ರಿ ವಸತಿಗೃಹಕ್ಕೆ ಹಿಂದಿರುಗಿದೆವು. ಸೋಮವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಮಗಳು ಬಾಲ್ಕನಿಯಿಂದ ಕೂಗಿದಳು. ಹೋಗಿ ನಿಂತೆವು. ಎದುರಿನ ಮರದಲ್ಲಿ, ಕೆಳಗಿನ ಸ್ಕೂಟರುಗಳ ಸದ್ದಿನ ನಡುವೆ, ಸ್ಪಷ್ಟವಾಗಿ: ‘ಚಿಸ್ವೀ’. ಹನ್ನೊಂದು ಚಳಿಗಾಲಗಳಿಂದ ಅದು ಅಲ್ಲಿ ಕೂಗುತ್ತಿದ್ದಿರಬೇಕು. ಮರ ಯಾವುದೆಂದು ಕಾವಲುಗಾರನನ್ನು ಕೇಳಿ ಬಂದವಳು ಅವಳೇ. ‘ಕರಂಜ್’ ಎಂದನಂತೆ, ಎಂದರೆ ನಮ್ಮ ಹೊಂಗೆ. ಅಷ್ಟು ವರ್ಷ ಹೊಂಗೆಯ ನೆರಳಿನಲ್ಲಿ ಸ್ಕೂಟರು ನಿಲ್ಲಿಸಿ ತಲೆಯೆತ್ತಿ ನೋಡದವರು ನಾವು.

ಮುಂದಿನ ಸಂಚಿಕೆಗೆ ಬಂದ ಪದ್ಯಗಳು ಈಗ ಮೇಜಿನ ಮೇಲಿವೆ. ಮೂರರಲ್ಲಿ ವಲಸೆ ಹಕ್ಕಿಯಿದೆ. ಮೂವರು ಕವಿಗಳಿಗೂ ಫೋನು ಮಾಡಿ, ಯಾವ ಹಕ್ಕಿ ಎಂದು ವಿನಯದಿಂದಲೇ ಕೇಳಿದೆವು. ಒಬ್ಬರು ಬೇಸರಪಟ್ಟುಕೊಂಡರು. ಒಬ್ಬರು, ಹಕ್ಕಿ ಎಂದರೆ ಹಕ್ಕಿ ಸಾರ್, ಅದೊಂದು ಪ್ರತೀಕ ಎಂದರು. ಮೂರನೆಯವರು, ಚೆಂಬೂರಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಇರುವ ಬ್ಯಾಂಕ್ ಉದ್ಯೋಗಿ, ತುಸು ಹೊತ್ತು ಸುಮ್ಮನಿದ್ದು, ಒಂದು ವಾರ ಸಮಯ ಕೊಡಿ, ನೋಡಿ ಹೇಳುತ್ತೇನೆ ಎಂದಿದ್ದಾರೆ.